ಮಗುವಿನ ತೂಕದ ಚಿಂತೆಯೇ? ಮೊದಲು ಅಡುಗೆಮನೆಯ ಕಪಾಟು ತೆರೆಯಿರಿ

"ಮಗು ವಯಸ್ಸಿಗೆ ಮೀರಿ ದಪ್ಪಗಾಗುತ್ತಿದೆ, ಯಾವ ತಿಂಡಿ ಬಿಡಿಸಬೇಕು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಂದು ತಿಂಡಿಯ ಹೆಸರು ಹೇಳಿ ಮುಗಿಸುವಂತಿದ್ದರೆ ಇಷ್ಟುದ್ದ ಬರೆಯಬೇಕಿರಲಿಲ್ಲ. ಮನೆಗೆ ದಿನಸಿ ತರುವುದು ಮಗುವಲ್ಲ. ಏನು ತರಬೇಕು, ಎಲ್ಲಿ ಇಡಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು, ಊಟದ ಹೊತ್ತಿಗೆ ಟಿ.ವಿ. ಓಡುತ್ತಿರಬೇಕೇ ಎಂಬುದನ್ನೆಲ್ಲ ದೊಡ್ಡವರು ಮೊದಲೇ ತೀರ್ಮಾನಿಸಿರುತ್ತಾರೆ. ಇಷ್ಟನ್ನೂ ಒಟ್ಟಾಗಿ ತಜ್ಞರು 'ಮನೆಯ ಆಹಾರ ಪರಿಸರ' ಎನ್ನುತ್ತಾರೆ. ಮಗುವಿನ ಕೈ ಹಿಡಿದು ತಡೆಯುವುದಕ್ಕಿಂತ ಈ ಪರಿಸರವನ್ನು ಬದಲಿಸುವುದು ಸುಲಭ, ಪರಿಣಾಮವೂ ಹೆಚ್ಚು. ಹೇಗೆಂಬುದನ್ನು ಹಂತ ಹಂತವಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಹೇಳಿಬಿಡುತ್ತೇನೆ. "ಒಂದೇ ಮನೆ, ಒಂದೇ ಅಡುಗೆ. ಅಣ್ಣ ಸಣಕಲ, ತಂಗಿ ಮಾತ್ರ ದಪ್ಪ. ಹಾಗಿದ್ದರೆ ಮನೆಯದೇನು ತಪ್ಪು?" ನ್ಯಾಯವಾದ ಪ್ರಶ್ನೆಯೇ. ದೇಹದ ತೂಕದಲ್ಲಿ ಅನುವಂಶಿಕತೆಯ ಪಾಲು ದೊಡ್ಡದು ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಆದರೆ ಆ ಪಾಲು ಬಹುಮಟ್ಟಿಗೆ ಕೆಲಸ ಮಾಡುವುದು ಹಸಿವಿನ ಮೂಲಕ. ಕೆಲವು ಮಕ್ಕಳಿಗೆ ತಿಂಡಿ ಕಂಡರೆ ಸಾಕು, ಬೇಕೆನಿಸುತ್ತದೆ. ಹೊಟ್ಟೆ ತುಂಬಿದ್ದು ಅವರಿಗೆ ತಡವಾಗಿ ತಿಳಿಯುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಜೇನ್ ವಾರ್ಡಲ್ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಕಣ್ಣೆದುರು ಬಿಸ್ಕತ್ತಿನ ಡಬ್ಬಿ ಇರುವ ಮನೆಯಲ್ಲಿ ಅಣ್ಣನಿಗೆ ಅದು ಇದ್ದದ್ದೇ ಮರೆತುಹೋಗಬಹುದು, ತಂಗಿಗೆ ಮರೆಯಲಾಗುವುದಿಲ್ಲ. ಹಾಗಾಗಿ ಹಸಿವು ಜೋರಿರುವ ಮಗುವಿಗೇ ಮನೆಯ ವ್ಯವಸ್ಥೆ ಹೆಚ್ಚು ಮುಖ್ಯವಾಗುತ್ತದೆ. ಇದು ಯಾರ ತಪ್ಪೂ ಅಲ್ಲ, ಮಗುವಿನ ದುರಾಸೆಯಂತೂ ಅಲ್ಲವೇ ಅಲ್ಲ.

ಬೇಕಾಗುವ ವಸ್ತುಗಳು ಹೆಚ್ಚಿಲ್ಲ: ಒಂದು ನೋಟ್‌ಪುಸ್ತಕ, ಅಳತೆ ಟೇಪು, ತೂಕದ ಯಂತ್ರ. ಇವುಗಳ ಜೊತೆಗೆ ಮನೆಯ ದೊಡ್ಡವರೆಲ್ಲರ ಒಪ್ಪಿಗೆ ಬೇಕು. ಕಷ್ಟವಾಗುವುದು ಕೊನೆಯದೇ.

ಹಂತ 1: ನಿಜಕ್ಕೂ ತೂಕ ಹೆಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳಿ

ಕಣ್ಣಂದಾಜು ಎರಡೂ ಕಡೆ ಮೋಸ ಮಾಡುತ್ತದೆ. ತೂಕ ಹೆಚ್ಚಿರುವ ಮಗು ಹೆತ್ತವರಿಗೆ 'ಗುಂಡುಗುಂಡಾಗಿ ಚೆನ್ನಾಗಿದೆ' ಎನಿಸುತ್ತದೆ. ಸರಿಯಾಗಿಯೇ ಇರುವ ಮಗುವನ್ನು ನೆಂಟರು ದಪ್ಪ ಎಂದುಬಿಡುತ್ತಾರೆ. ಅಳೆದೇ ನೋಡಿ.

ಬಿ.ಎಂ.ಐ. ಎಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. 30 ಕೆ.ಜಿ. ತೂಕ, 1.25 ಮೀಟರ್ ಎತ್ತರವಿದ್ದರೆ ಬಿ.ಎಂ.ಐ. ಸುಮಾರು 19.2.

ಹೆಚ್ಚಿನವರು ಎಡವುವುದು ಇಲ್ಲಿಯೇ. ದೊಡ್ಡವರ ಪಟ್ಟಿಯಲ್ಲಿ 25ರವರೆಗೆ ಚಿಂತೆಯಿಲ್ಲ ಎಂದಿದೆ, ಹಾಗಾಗಿ 19.2 ಸರಿಯಾಗಿದೆ ಎಂದುಕೊಳ್ಳುತ್ತಾರೆ. ಮಕ್ಕಳಿಗೆ ಆ ಪಟ್ಟಿ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ 8 ವರ್ಷದ ಮಗುವಿಗೆ 19.2 ಎಂದರೆ ಅಧಿಕ ತೂಕ, 13 ವರ್ಷದ ಮಗುವಿಗೆ ಅದೇ ಸಂಖ್ಯೆ ಸಾಮಾನ್ಯ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಪಟ್ಟಿಗಳಿವೆ. 5ರಿಂದ 19 ವರ್ಷದವರಲ್ಲಿ ಆ ವಯಸ್ಸಿನ ನಡುಮಟ್ಟಕ್ಕಿಂತ ಒಂದು 'ಪ್ರಮಾಣಿತ ವಿಚಲನೆ' ಮೀರಿದರೆ ಅಧಿಕ ತೂಕ, ಎರಡು ಮೀರಿದರೆ ಬೊಜ್ಜು ಎಂದು ಲೆಕ್ಕ. ಪ್ರಮಾಣಿತ ವಿಚಲನೆ ಎಂದರೆ ನಡುಮಟ್ಟದಿಂದ ಎಷ್ಟು ದೂರ ಸರಿದಿದೆ ಎಂದು ಹೇಳುವ ಅಳತೆಗೋಲು. ಬೆಳವಣಿಗೆಯ ನಕ್ಷೆಯಲ್ಲಿ ಅದನ್ನು ಗೆರೆಗಳಾಗಿ ಬರೆದಿರುತ್ತಾರೆ. 5 ವರ್ಷದೊಳಗಿನ ಮಕ್ಕಳಿಗೆ ಲೆಕ್ಕ ಬೇರೆ, ಅದನ್ನು ಮಕ್ಕಳ ವೈದ್ಯರ ಬಳಿಯೇ ಮಾಡಿಸಿ.

ಒಂದು ಸಲದ ಅಳತೆಗಿಂತ ನಕ್ಷೆಯಲ್ಲಿ ಮಗು ಹಿಡಿದಿರುವ ದಾರಿ ಮುಖ್ಯ. ಸಾಮಾನ್ಯವಾಗಿ ಮಗುವಿನ ಬಿ.ಎಂ.ಐ. ಮೊದಲ ವರ್ಷದ ನಂತರ ಇಳಿಯುತ್ತಾ ಬಂದು, 6 ವರ್ಷದ ಆಸುಪಾಸಿನಲ್ಲಿ ಮತ್ತೆ ಏರಲು ಶುರುವಾಗುತ್ತದೆ. ಈ ಏರಿಕೆ ಬಹಳ ಬೇಗ ಆರಂಭವಾದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು.

ಹಂತ 2: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ಮಗು ಏನು ತಿಂದಿತು ಎಂದು ಬರೆಯಬೇಡಿ. ಮನೆಯಲ್ಲಿ ಏನಿದೆ, ಎಲ್ಲಿದೆ ಎಂದು ಬರೆಯಿರಿ. ಕಪಾಟು, ಫ್ರಿಜ್, ಊಟದ ಮೇಜು, ಟಿ.ವಿ. ಪಕ್ಕದ ಸ್ಟೂಲು, ಕಾರಿನ ಡ್ಯಾಶ್‌ಬೋರ್ಡು, ನಿಮ್ಮ ಕೈಚೀಲ ಯಾವುದನ್ನೂ ಬಿಡಬೇಡಿ. ಪ್ರತಿ ವಸ್ತುವಿನ ಮುಂದೆ ಮೂರು ಪ್ರಶ್ನೆ ಹಾಕಿ: ಮನೆಯಲ್ಲಿ ಸದಾ ಇರುತ್ತದೆಯೇ? ಮಗುವಿನ ಕಣ್ಣಿಗೆ ಬೀಳುತ್ತದೆಯೇ? ಯಾರನ್ನೂ ಕೇಳದೆ, ತೊಳೆಯದೆ, ಕತ್ತರಿಸದೆ ಹಾಗೆಯೇ ಬಾಯಿಗೆ ಹಾಕಬಹುದೇ?

ಮೂರಕ್ಕೂ 'ಹೌದು' ಎಂಬ ಉತ್ತರ ಬಂದ ಪಟ್ಟಿಯನ್ನು ನೋಡಿ. ಬಹಳಷ್ಟು ಮನೆಗಳಲ್ಲಿ ಅದರಲ್ಲಿ ಬಿಸ್ಕತ್ತು, ಚಿಪ್ಸು, ಚಾಕೊಲೇಟು, ಸಿಹಿ ಪಾನೀಯ ಇರುತ್ತವೆ. ಹಣ್ಣು ಮನೆಯಲ್ಲಿರುತ್ತದೆ, ಆದರೆ ಫ್ರಿಜ್ಜಿನ ತಳದ ಡಬ್ಬದಲ್ಲಿ, ಸಿಪ್ಪೆ ಸಮೇತ. ಹಸಿದು ಬಂದ ಮಗು ಯಾವುದಕ್ಕೆ ಕೈ ಹಾಕುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಡ.

ಹಂತ 3: ಮೊದಲು ಕುಡಿಯುವುದನ್ನು ಬದಲಿಸಿ

ಒಂದೇ ಒಂದು ಬದಲಾವಣೆ ಮಾಡಲು ಮಾತ್ರ ನಿಮಗೆ ಸಾಧ್ಯವಿದ್ದರೆ ಇದನ್ನು ಮಾಡಿ. 330 ಮಿ.ಲೀ.ನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. 'ಮುಕ್ತ ಸಕ್ಕರೆ' ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಾತು. ದಿನಕ್ಕೆ 1500 ಕ್ಯಾಲೊರಿ ಬೇಕಾಗುವ ಮಗುವಿಗೆ ಶೇ 10 ಎಂದರೆ ಸುಮಾರು 37 ಗ್ರಾಂ. ಒಂದು ಕ್ಯಾನಿಗೇ ಆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಮುಕ್ತ ಸಕ್ಕರೆ ಎಂದರೆ ನಾವಾಗಿ ಬೆರೆಸುವ ಸಕ್ಕರೆ, ಜೊತೆಗೆ ಜೇನುತುಪ್ಪ, ಪಾಕ ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆ. ಇಡೀ ಹಣ್ಣಿನಲ್ಲಿ ಮತ್ತು ಹಾಲಿನಲ್ಲಿ ಸಹಜವಾಗಿ ಇರುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ದ್ರವದಲ್ಲಿ ಸೇರಿದ ಶಕ್ತಿ ಹೊಟ್ಟೆ ತುಂಬಿದ ಭಾವನೆ ಕೊಡುವುದು ಕಡಿಮೆ. ಕುಡಿದ ಮಗು ಊಟದಲ್ಲಿ ಅಷ್ಟನ್ನು ಕಡಿಮೆ ಮಾಡುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 641 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಧದಷ್ಟು ಮಕ್ಕಳಿಗೆ ದಿನಕ್ಕೆ 250 ಮಿ.ಲೀ. ಸಕ್ಕರೆ ಪಾನೀಯ, ಉಳಿದವರಿಗೆ ಅದೇ ರುಚಿಯ ಸಕ್ಕರೆಯಿಲ್ಲದ ಪಾನೀಯ ಕೊಟ್ಟರು. ಯಾವುದು ಯಾರಿಗೆ ಎಂದು ಮಕ್ಕಳಿಗೂ ತಿಳಿದಿರಲಿಲ್ಲ. 18 ತಿಂಗಳಲ್ಲಿ ಮೊದಲ ಗುಂಪಿನ ತೂಕ ಸರಾಸರಿ 7.37 ಕೆ.ಜಿ. ಏರಿತ್ತು, ಎರಡನೆಯದು 6.35 ಕೆ.ಜಿ. ದಿನಕ್ಕೊಂದು ಲೋಟದಿಂದ ಒಂದು ಕೆ.ಜಿ. ವ್ಯತ್ಯಾಸ.

ಮನೆಯಲ್ಲಿ ಬಾಯಾರಿಕೆಗೆ ನೀರು ಎಂಬ ಪದ್ಧತಿ ತನ್ನಿ. ಮಗುವಿನ ಕೈಗೆಟಕುವಲ್ಲಿ ನೀರು, ಅದರದೇ ಲೋಟ ಇರಲಿ. ಎಚ್ಚರಿಕೆ: 'ಹಣ್ಣಿನ ರಸ ಆರೋಗ್ಯಕರ' ಎಂದು ಕೋಲಾದ ಜಾಗದಲ್ಲಿ ಅದನ್ನು ತಂದಿಟ್ಟರೆ ಸಕ್ಕರೆ ಹೆಚ್ಚೇನೂ ಇಳಿಯುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಕೊಟ್ಟ ಸಲಹೆ ಹೀಗಿದೆ: ಒಂದು ವರ್ಷದೊಳಗೆ ರಸವೇ ಬೇಡ, 1ರಿಂದ 3 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಸುಮಾರು 120 ಮಿ.ಲೀ.; 7ರ ನಂತರವೂ 240 ಮಿ.ಲೀ. ಮೀರಬಾರದು. ಇದು ಗರಿಷ್ಠ ಮಿತಿ, ಇಷ್ಟು ಕೊಡಲೇಬೇಕೆಂದಲ್ಲ. ಹಾಲಿಗೆ ಬೆರೆಸುವ ಸಿಹಿ ಪುಡಿಗಳ ಡಬ್ಬಿಯನ್ನೂ ತಿರುಗಿಸಿ ಓದಿ.

ಹಂತ 4: ದಿನಸಿ ಚೀಟಿ ತಿದ್ದಿ

ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಸಿಹಿತಿಂಡಿ, ಮುಂಬದಿಯಲ್ಲಿ ಧಾನ್ಯದ ಚಿತ್ರವಿರಲಿ, ಓಡುವ ಮಗುವಿನ ಚಿತ್ರವಿರಲಿ. ಸಕ್ಕರೆ ಬೇರೆ ವೇಷದಲ್ಲೂ ಬರುತ್ತದೆ: ಸುಕ್ರೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಇನ್ವರ್ಟ್ ಸಿರಪ್. ಮೂರ್ನಾಲ್ಕು ಹೆಸರಿನಲ್ಲಿ ಹಂಚಿ ಹಾಕಿದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ.

'ಅಲ್ಟ್ರಾ ಪ್ರೊಸೆಸ್ಡ್' ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಸಾಮಾನ್ಯ ಅಡುಗೆಮನೆಯಲ್ಲಿ ಇಲ್ಲದ ಬಣ್ಣ, ಕೃತಕ ಪರಿಮಳ, ಎಮಲ್ಸಿಫೈಯರ್ (ಎಣ್ಣೆ, ನೀರು ಬೇರ್ಪಡದಂತೆ ಬೆರೆಸಿಡುವ ವಸ್ತು) ಮುಂತಾದವನ್ನು ಸೇರಿಸಿ ಕಾರ್ಖಾನೆಯಲ್ಲಿ ತಯಾರಿಸಿದ ತಿನಿಸು ಎಂದು ಸ್ಥೂಲವಾಗಿ ತಿಳಿಯಿರಿ. ಬ್ರೆಜಿಲಿನ ಕಾರ್ಲೋಸ್ ಮೊಂಟೆರೊ ಮತ್ತು ಸಂಗಡಿಗರು ರೂಪಿಸಿದ ವರ್ಗೀಕರಣ ಇದು. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ತಂಡ 20 ವಯಸ್ಕರಿಗೆ ಎರಡು ವಾರ ಇಂಥ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟು ನೋಡಿತು. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಸಮನಾಗಿತ್ತು. ಆದರೂ ಮೊದಲನೆಯದರಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಇದು ದೊಡ್ಡವರ ಮೇಲೆ ನಡೆದ ಸಣ್ಣ ಪ್ರಯೋಗ, ಮಕ್ಕಳಿಗೆ ಇದೇ ಅಂಕಿಯನ್ನು ಅಂಟಿಸಲಾಗದು. ಆದರೆ ಬೇಗ ಬೇಗ ತಿಂದು ಮುಗಿಸುವಂತೆ ಮಾಡಿದ ತಿನಿಸು ಹೊಟ್ಟೆಗೆ ಹೆಚ್ಚು ಇಳಿಯುತ್ತದೆ ಎಂಬಷ್ಟು ಅರ್ಥವಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಕಸದ ಬುಟ್ಟಿಗೆ ಹಾಕಬೇಡಿ. ಮಗು ಅದನ್ನು ಶಿಕ್ಷೆ ಎಂದೇ ತಿಳಿಯುತ್ತದೆ. ಇದ್ದದ್ದು ಮುಗಿಯಲಿ, ಮುಂದಿನ ಚೀಟಿಯಲ್ಲಿ ಬರೆಯಬೇಡಿ. ಆ ಜಾಗದಲ್ಲಿ ತೊಳೆದ ಹಣ್ಣು, ಕತ್ತರಿಸಿದ ತರಕಾರಿ, ಬೇಯಿಸಿದ ಮೊಟ್ಟೆ, ಮೊಸರು ಇತ್ಯಾದಿ ಮಗುವಿನ ಕಣ್ಣಿನ ಎತ್ತರಕ್ಕೆ ಬರಲಿ.

ಹಂತ 5: ಬೀಗ ಹಾಕುವ ಮೊದಲು ಇದನ್ನು ಓದಿ

ಎಲ್ಲಕ್ಕಿಂತ ಹೆಚ್ಚು ಮನೆಗಳು ಸೋಲುವುದು ಇಲ್ಲಿ. ತಿಂಡಿಯನ್ನು ಮನೆಗೆ ತರುತ್ತಾರೆ, ಎತ್ತರದ ಕಪಾಟಿನಲ್ಲಿಡುತ್ತಾರೆ, ಮಗುವಿಗೆ "ಮುಟ್ಟಬೇಡ" ಎನ್ನುತ್ತಾರೆ. 1999ರಲ್ಲಿ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಪುಟ್ಟ ಮಕ್ಕಳ ಎದುರು ತಿಂಡಿಯೊಂದನ್ನು ಕಾಣುವಂತೆ ಇಟ್ಟು, ತೆಗೆದುಕೊಳ್ಳಲು ಬಿಡಲಿಲ್ಲ. ಆ ತಿಂಡಿಯ ಬಗ್ಗೆಯೇ ಮಕ್ಕಳ ಮಾತು ಹೆಚ್ಚಿತು, ಅದನ್ನೇ ಕೇಳತೊಡಗಿದರು. ಸಿಕ್ಕಾಗ ಆರಿಸಿಕೊಂಡದ್ದೂ ಅದನ್ನೇ.

ಹಾಗೆಂದು 'ನಿಯಂತ್ರಣವೇ ತಪ್ಪು, ಕೇಳಿದ್ದೆಲ್ಲ ಕೊಡಿ' ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸಂಶೋಧಕರು ಎರಡು ಬಗೆಯ ನಿಯಂತ್ರಣವನ್ನು ಬೇರೆ ಮಾಡಿ ನೋಡುತ್ತಾರೆ. ಒಂದು ಮಗುವಿಗೆ ಕಾಣುವಂಥದ್ದು: ಬೈಗುಳ, ಬೀಗ, "ಇನ್ನು ಸಾಕು". ಇನ್ನೊಂದು ಕಾಣದ್ದು: ತಂದೇ ಇಲ್ಲ, ಆ ಅಂಗಡಿಯ ದಾರಿಯಲ್ಲಿ ಹೋಗಲೇ ಇಲ್ಲ, ದೊಡ್ಡವರ ತಟ್ಟೆಯಲ್ಲೂ ಅದಿಲ್ಲ. ಎರಡನೆಯದರಲ್ಲಿ ಜಗಳಕ್ಕೆ ವಸ್ತುವೇ ಇರುವುದಿಲ್ಲ. ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ 'ಬೇಡ'ವನ್ನು ಅಂಗಡಿಯಲ್ಲಿ ವಾರಕ್ಕೆ ಒಂದು ಸಲ ನಿಮಗೆ ನೀವೇ ಹೇಳಿಕೊಳ್ಳಿ.

ಹಬ್ಬ, ಹುಟ್ಟುಹಬ್ಬಗಳಿಗೆ? ಅಂದಿಗೆ ಬೇಕಾದಷ್ಟೇ ತನ್ನಿ, ಎಲ್ಲರೂ ಕೂತು ಖುಷಿಯಿಂದ ತಿನ್ನಿ, ಉಳಿದರೆ ಹಂಚಿ. ತಿನ್ನುವಾಗ ಮಗುವಿನ ಮುಖ ನೋಡಿ ಲೆಕ್ಕ ಹಾಕಬೇಡಿ. "ಇದು ಕೆಟ್ಟದ್ದು" ಎಂದು ಹೇಳುತ್ತಲೇ ಕೈಗೆ ಕೊಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಮಗು ಅಪರಾಧ ಪ್ರಜ್ಞೆಯ ಜೊತೆ ತಿನ್ನುವುದನ್ನು, ಆಮೇಲೆ ಕದ್ದು ತಿನ್ನುವುದನ್ನು ಕಲಿಯುತ್ತದೆ.

"ತರಕಾರಿ ತಿಂದರೆ ಐಸ್‌ಕ್ರೀಮ್" ಎಂಬ ವ್ಯಾಪಾರವನ್ನೂ ನಿಲ್ಲಿಸಿ. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಚೆನ್ನಾಗಿರಲಿಕ್ಕಿಲ್ಲ ಎಂದು ಮಗು ಸರಿಯಾಗಿಯೇ ಊಹಿಸುತ್ತದೆ. ಅತ್ತಾಗ ಸಮಾಧಾನಕ್ಕೆ, ಬೇಜಾರಿಗೆ, ಒಳ್ಳೆಯ ಅಂಕಕ್ಕೆ ತಿಂಡಿ ಕೊಡುವುದೂ ಇದೇ ಜಾತಿಗೆ ಸೇರಿದ್ದು.

ಹಂತ 6: ಊಟದ ಹೊತ್ತು, ಜಾಗ ಗೊತ್ತುಮಾಡಿ

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಜವಾಬ್ದಾರಿಯ ಹಂಚಿಕೆ ಇಲ್ಲಿ ಬಹಳ ಉಪಯುಕ್ತ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ. ತಿನ್ನಬೇಕೇ, ಎಷ್ಟು ಎಂಬುದು ಮಗುವಿನ ತೀರ್ಮಾನ. ಕೇಳಲು ಸರಳ, ಪಾಲಿಸಲು ಕಷ್ಟ, ಏಕೆಂದರೆ ಇಬ್ಬರೂ ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುತ್ತಿರುತ್ತೇವೆ. "ಇನ್ನೆರಡು ತುತ್ತು" ಎಂದು ಒತ್ತಾಯಿಸುವುದು ನಾವು. ಊಟದ ಬದಲು ಬಿಸ್ಕತ್ತು ಎಂದು ತೀರ್ಮಾನಿಸುವುದು ಮಗು.

ಮೂರು ಊಟ, ನಡುವೆ ಒಂದೆರಡು ಗೊತ್ತಾದ ತಿಂಡಿ ಹೊತ್ತು. ಅದರ ನಡುವೆ ಅಡುಗೆಮನೆ ಮುಚ್ಚಿದೆ, ನೀರು ಮಾತ್ರ. ಊಟ ಬೇಡವೆಂದರೆ ಬಿಡಿ, ಮುಂದಿನ ಹೊತ್ತು ದೂರವಿಲ್ಲ. ತಟ್ಟೆ ಖಾಲಿ ಮಾಡಲೇಬೇಕೆಂಬ ನಿಯಮ ತೂಕ ಹೆಚ್ಚಿರುವ ಮಗುವಿಗೆ ವಿಶೇಷವಾಗಿ ಹಾನಿಕರ: ಹೊಟ್ಟೆಯ ಮಾತು ಕೇಳಬೇಡ, ತಟ್ಟೆಯ ಮಾತು ಕೇಳು ಎಂದು ಕಲಿಸಿದಂತೆ.

ಸಾಧ್ಯವಾದಷ್ಟು ಸಲ ಒಟ್ಟಿಗೆ ಕೂತು ಉಣ್ಣಿ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಾರಕ್ಕೆ ಮೂರು ಅಥವಾ ಹೆಚ್ಚು ಸಲ ಮನೆಯವರ ಜೊತೆ ಉಣ್ಣುವ ಮಕ್ಕಳಲ್ಲಿ ಅಧಿಕ ತೂಕದ ಸಾಧ್ಯತೆ ಶೇ 12ರಷ್ಟು ಕಡಿಮೆ ಕಂಡಿತು. ಒಟ್ಟಿಗೆ ಉಣ್ಣುವುದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಅಂಥ ಮನೆಗಳಲ್ಲಿ ಬೇರೆ ಅನುಕೂಲಗಳೂ ಇರಬಹುದು. ಆದರೂ ಇದರಿಂದ ನಷ್ಟವಂತೂ ಇಲ್ಲ.

ಹಂತ 7: ಬಡಿಸುವ ಕೈ

ಬಹಳ ಚಿಕ್ಕ ಮಕ್ಕಳು ಎದುರಿಗೆ ಎಷ್ಟಿಟ್ಟರೂ ತಮಗೆ ಬೇಕಾದಷ್ಟೇ ತಿಂದು ನಿಲ್ಲಿಸುತ್ತಾರೆ. ದೊಡ್ಡವರಾಗುತ್ತಾ ಆ ಗುಣ ಸವೆಯುತ್ತದೆ. 2003ರ ಒಂದು ಪ್ರಯೋಗದಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಮುಖ್ಯ ಆಹಾರವನ್ನು ಇಮ್ಮಡಿ ಬಡಿಸಿದಾಗ ಅದನ್ನು ಶೇ 25ರಷ್ಟು ಹೆಚ್ಚು ತಿಂದರು. ತಾವೇ ಬಡಿಸಿಕೊಳ್ಳಲು ಬಿಟ್ಟಾಗ ಆ ಹೆಚ್ಚಳ ಕಾಣಲಿಲ್ಲ. ಹಾಗಾಗಿ ಮೊದಲು ಸ್ವಲ್ಪ ಬಡಿಸಿ, ಬೇಕಾದರೆ ಕೇಳಲಿ. ಕೈಗೆ ಬಂದ ಮೇಲೆ ತಾನೇ ಬಡಿಸಿಕೊಳ್ಳಲಿ. ಚಿಪ್ಸಿನ ಪೊಟ್ಟಣವನ್ನು ಹಾಗೆಯೇ ಕೈಗೆ ಕೊಡಬೇಡಿ, ಬಟ್ಟಲಿಗೆ ಹಾಕಿ ಕೊಡಿ.

ಸಣ್ಣ ತಟ್ಟೆ ತಂದರೆ ತೂಕ ಇಳಿಯುತ್ತದೆ ಎಂಬ ಸಲಹೆಯನ್ನು ನೀವು ಓದಿರಬಹುದು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ ಅವರ ಹಲವು ಪ್ರಬಂಧಗಳನ್ನು ವೈದ್ಯಕೀಯ ಪತ್ರಿಕೆಗಳು 2018ರ ಹೊತ್ತಿಗೆ ಹಿಂತೆಗೆದುಕೊಂಡವು. ತಟ್ಟೆ ಬದಲಿಸಿದರೆ ತೊಂದರೆಯಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ಹಂತ 8: ತಿರಸ್ಕರಿಸಿದ ತರಕಾರಿಯನ್ನು ಬಿಟ್ಟುಕೊಡಬೇಡಿ

ಮೂರು ಸಲ ಉಗುಳಿದ ಮೇಲೆ "ನಮ್ಮ ಮಗುವಿಗೆ ಸೇರುವುದಿಲ್ಲ" ಎಂದು ಕೈಬಿಡುವುದು ಸಾಮಾನ್ಯ. ಹೊಸ ರುಚಿ ಒಗ್ಗಲು ಎಂಟರಿಂದ ಹದಿನೈದು ಸಲ ಬೇಕಾಗಬಹುದು. ಹೊಗಳಿಕೆ, ಬೆದರಿಕೆ ಎರಡೂ ಇಲ್ಲದೆ ಒಂದು ಚೂರು ಮಾತ್ರ ಇಡಿ. ಅದನ್ನು ನೀವೇ ಅವರೆದುರು ತಿನ್ನುತ್ತೀರಾ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹಂತ 9: ಪರದೆ ಮತ್ತು ನಿದ್ದೆ

ಊಟದ ಹೊತ್ತಿಗೆ ಟಿ.ವಿ., ಮೊಬೈಲು ಆಫ್. ಗಮನ ಬೇರೆಡೆ ಇದ್ದಾಗ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಜಾಹೀರಾತು ಬೇರೆ ಹಸಿವು ಹುಟ್ಟಿಸುತ್ತದೆ. ಮೊಬೈಲ್ ತೋರಿಸದಿದ್ದರೆ ತುತ್ತು ಇಳಿಯುವುದಿಲ್ಲ ಎನ್ನುವಿರಾದರೆ, ಮಗುವಿಗೆ ಆ ಹೊತ್ತಿಗೆ ಹಸಿವಿಲ್ಲ ಎಂದೇ ಅರ್ಥ ಮಾಡಿಕೊಳ್ಳಿ.

ನಿದ್ದೆ ಕಡಿಮೆಯಾದ ಮಕ್ಕಳು ಹೆಚ್ಚು ತಿನ್ನುತ್ತಾರೆ, ಅದರಲ್ಲೂ ಸಂಜೆಯ ನಂತರ. 3–4 ವರ್ಷದವರಿಗೆ 10ರಿಂದ 13 ಗಂಟೆ, 6ರಿಂದ 12ರವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಹಂತ 10: ನಿಯಮ ಇಡೀ ಮನೆಗೆ

ತೂಕ ಹೆಚ್ಚಿರುವ ಒಬ್ಬರಿಗೆ ಮಾತ್ರ ಬೇರೆ ತಟ್ಟೆ ಹಾಕಬೇಡಿ. ಅಣ್ಣನಿಗೆ ಕೇಕು, ತಂಗಿಗೆ ಸೌತೆಕಾಯಿ ಎಂಬಂಥ ಮನೆಯಲ್ಲಿ ತಂಗಿ ಕಲಿಯುವುದು ಅವಮಾನವನ್ನು ಮಾತ್ರ. ಕಪಾಟು ಎಲ್ಲರಿಗೂ ಬದಲಾಗಲಿ. ಸಣ್ಣಗಿರುವವರಿಗೂ ಸಿಹಿ ಪಾನೀಯದ ಅಗತ್ಯವಿಲ್ಲ. ಮಗುವಿನ ಎದುರು ತೂಕದ ಮಾತು, ಅಡ್ಡಹೆಸರು, ಹೋಲಿಕೆ ಖಂಡಿತ ಬೇಡ. ನಿಮ್ಮ ಸ್ವಂತ ಹೊಟ್ಟೆಯ ಬಗ್ಗೆ ಕನ್ನಡಿಯ ಮುಂದೆ ಗೊಣಗುವುದೂ ಅದರಲ್ಲಿ ಸೇರುತ್ತದೆ. ಹೀಗೆ ಚುಚ್ಚುಮಾತು ಕೇಳಿ ಬೆಳೆದ ಮಕ್ಕಳಲ್ಲಿ ತೂಕ ಇಳಿಯುವ ಬದಲು ತಿನ್ನುವ ಅಭ್ಯಾಸವೇ ಕೆಡುವುದು ಹೆಚ್ಚು.

ಅಜ್ಜ ಅಜ್ಜಿಯರಿಗೆ ತಿಂಡಿಯೇ ಪ್ರೀತಿ. ಅವರ ಕೈಯಿಂದ ಅದನ್ನು ಕಿತ್ತುಕೊಂಡರೆ ಯುದ್ಧ. "ದಪ್ಪಗಾಗುತ್ತಾಳೆ, ಕೊಡಬೇಡಿ" ಎನ್ನುವುದಕ್ಕಿಂತ ಬೇರೆ ಕೆಲಸ ಒಪ್ಪಿಸಿ: ಸಂಜೆಯ ಹಣ್ಣು ಹೆಚ್ಚಿಕೊಡುವುದು, ಅಂಗಳಕ್ಕೆ ಆಡಲು ಕರೆದೊಯ್ಯುವುದು, ಕತೆ ಹೇಳಿ ಮಲಗಿಸುವುದು.

ಹಂತ 11: ಮತ್ತೆ ಅಳೆಯುವುದು, ವೈದ್ಯರ ಬಳಿ ಹೋಗುವುದು

ದಿನಾ ತೂಕ ನೋಡಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಎತ್ತರ ಮತ್ತು ತೂಕ ಎರಡನ್ನೂ ಅಳೆದು ನಕ್ಷೆಯಲ್ಲಿ ಗುರುತಿಸಿ. ಬೆಳೆಯುವ ಮಗುವಿನಲ್ಲಿ ಬಹಳಷ್ಟು ಸಲ ತೂಕ ಇಳಿಯಬೇಕಾಗಿಯೇ ಇಲ್ಲ. ಎತ್ತರ ಏರುತ್ತಾ ತೂಕ ನಿಂತಲ್ಲೇ ನಿಂತರೆ ಬಿ.ಎಂ.ಐ. ತಾನಾಗಿ ಇಳಿಯುತ್ತದೆ. ದೊಡ್ಡವರ ಡಯಟ್, ಉಪವಾಸ, ಒಂದು ಬಗೆಯ ಆಹಾರವನ್ನೇ ಬಿಡಿಸುವುದು ಯಾವುದನ್ನೂ ಸ್ವಂತ ನಿರ್ಧಾರದಿಂದ ಮಾಡಬೇಡಿ. 2 ವರ್ಷದೊಳಗಿನ ಮಗುವಿಗೆ ಕೊಬ್ಬು ಕಡಿತ ಮಾಡಲೇಬೇಡಿ, ಮಿದುಳಿನ ಬೆಳವಣಿಗೆಗೆ ಅದು ಬೇಕು.

ಕಾಯದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳಿವು: ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗಿರುವುದು (ಹಾರ್ಮೋನು ತೊಂದರೆ ಇರಬಹುದು), ರಾತ್ರಿ ಜೋರು ಗೊರಕೆ, ಉಸಿರು ಕಟ್ಟಿದಂತಾಗುವುದು, ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗುವುದು (ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು), ಅತಿಯಾದ ಬಾಯಾರಿಕೆ ಮತ್ತು ಮೂತ್ರ, ಸೊಂಟ ಅಥವಾ ಮೊಣಕಾಲು ನೋವಿನಿಂದ ಕುಂಟುವುದು, ಕದ್ದು ತಿನ್ನುವುದು ಅಥವಾ ತಿಂದು ವಾಂತಿ ಮಾಡುವುದು. ಸ್ಟೀರಾಯ್ಡ್‌ನಂಥ ಔಷಧಿ ನಡೆಯುತ್ತಿದ್ದರೆ ಅದನ್ನೂ ತಿಳಿಸಿ. ತೂಕಕ್ಕೆ ಅದೇ ಕಾರಣವಾಗಿರಬಹುದು, ಆದರೆ ನೀವಾಗಿ ನಿಲ್ಲಿಸಬೇಡಿ.

ಹೋಗುವಾಗ ಬೆಳವಣಿಗೆಯ ನಕ್ಷೆ, ಹಂತ 2ರ ಪಟ್ಟಿ, ಮಗು ಮಲಗಿ ಏಳುವ ಹೊತ್ತಿನ ವಿವರ ಜೊತೆಗಿರಲಿ. ಮಗುವಿನ ಎದುರು ಹೇಳಬಾರದ ಮಾತುಗಳಿದ್ದರೆ ಮೊದಲೇ ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ.